ಮೂರನೆಯ ನಸುಕು ಸಿಗದ ಧೂಮಕೇತು

1872ರ ನವೆಂಬರ್ 27ರ ಸಂಜೆ ಯುರೋಪಿನ ಜನ ತಲೆ ಎತ್ತಿ ನೋಡಿದಾಗ ಆಕಾಶದ ತುಂಬ ಉಲ್ಕೆಗಳು. ಇಟಲಿಯ ಮೊಂಕಾಲಿಯೇರಿ ಎಂಬ ಊರಿನಲ್ಲಿ ನಾಲ್ವರು ವೀಕ್ಷಕರು ಎಣಿಸುತ್ತ ನಿಂತರು. ಆರೂವರೆ ಗಂಟೆಯಲ್ಲಿ ಅವರ ಲೆಕ್ಕ 33,400 ಮುಟ್ಟಿತು. ಎಲ್ಲ ಉಲ್ಕೆಗಳೂ ದೇವಯಾನಿ ಪುಂಜದ ಒಂದೇ ಜಾಗದಿಂದ ಹೊರಟು ಬಂದಂತೆ ಕಾಣುತ್ತಿದ್ದವು. ಜರ್ಮನಿಯ ಗಟ್ಟಿಂಗೆನ್ ವೀಕ್ಷಣಾಲಯದ ಮುಖ್ಯಸ್ಥ ವಿಲ್ಹೆಲ್ಮ್ ಕ್ಲಿಂಕರ್‌ಫ್ಯೂಸ್ ಅದನ್ನು ನೋಡಿ ಬೆರಗಾಗಿ ಸುಮ್ಮನೆ ಕೂಡಲಿಲ್ಲ. ಇಪ್ಪತ್ತು ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿರದ ಬೀಲಾ ಧೂಮಕೇತುವಿನ ದಾರಿಗೂ ಈ ಉಲ್ಕೆಗಳು ಬಂದ ದಿಕ್ಕಿಗೂ ತಾಳೆಯಾಗುತ್ತಿತ್ತು. ಹಾಗಾದರೆ ಧೂಮಕೇತು ಭೂಮಿಯನ್ನು ಸವರಿಕೊಂಡೇ ಹೋಗಿರಬೇಕು. ದೇವಯಾನಿಯ ಕಡೆಯಿಂದ ಬಂದದ್ದು ಈಗ ಅದಕ್ಕೆ ನೇರ ಎದುರು ದಿಕ್ಕಿನಲ್ಲಿ, ಕಿನ್ನರ ಪುಂಜದ ಥೀಟಾ ನಕ್ಷತ್ರದ ಬಳಿ, ದೂರ ಸರಿಯುತ್ತಿರಬೇಕು ಎಂದು ಅವರು ತರ್ಕಿಸಿದರು.

ತರ್ಕವೇನೋ ಸರಿ. ಆದರೆ ಆ ನಕ್ಷತ್ರ ಗಟ್ಟಿಂಗೆನ್‌ನ ದಿಗಂತದಿಂದ ಎರಡು-ಮೂರು ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ನಮ್ಮ ಕಡೆ ಹಾಗಲ್ಲ. ಧಾರವಾಡದ ಉಪ್ಪಿನಬೆಟಗೇರಿಯ ಎರೆಹೊಲದಲ್ಲಿ ಡಿಸೆಂಬರ್ ಮೊದಲ ವಾರ ನಸುಕಿನಲ್ಲಿ ನಿಂತವರಿಗೆ ಅದು ಆಗ್ನೇಯದಲ್ಲಿ ಮೂಡಿ, ಹೊತ್ತು ಹುಟ್ಟುವುದರೊಳಗೆ ಸುಮಾರು ಒಂದು ಗೇಣು ಮೇಲೆ ಬಂದಿರುತ್ತದೆ. ಯುರೋಪಿನ ಪಂಡಿತರಿಗೆ ಎಟುಕದ ಆಕಾಶದ ಈ ಪಾಲು ನಮಗೆ ದಿನನಿತ್ಯದ್ದು. ಕ್ಲಿಂಕರ್‌ಫ್ಯೂಸ್ ಹುಡುಕಿದ್ದು ಇಂಥ ಅಕ್ಷಾಂಶದಲ್ಲಿ ಒಳ್ಳೆಯ ದೂರದರ್ಶಕವೂ ನುರಿತ ಕಣ್ಣೂ ಇರುವ ಒಬ್ಬ ಮನುಷ್ಯನನ್ನು. ಅಂಥವರು ಮದ್ರಾಸಿನ ನುಂಗಂಬಾಕ್ಕಂ ವೀಕ್ಷಣಾಲಯದಲ್ಲಿದ್ದರು. ನವೆಂಬರ್ 30ರಂದು ಅವರ ಹೆಸರಿಗೆ ತಂತಿ ಹೊರಟಿತು: ಬೀಲಾ 27ರಂದು ಭೂಮಿಯನ್ನು ಮುಟ್ಟಿದೆ, ಥೀಟಾ ಸೆಂಟಾರಿಯ ಬಳಿ ಹುಡುಕಿ. ರಷ್ಯಾ ಮಾರ್ಗವಾಗಿ ಬಂದ ಆ ಸಂದೇಶ ಮದ್ರಾಸು ತಲುಪಲು ತೆಗೆದುಕೊಂಡದ್ದು ಸುಮಾರು ಒಂದೂವರೆ ಗಂಟೆ. ಎರಡು-ಮೂರು ವರ್ಷ ಮೊದಲಾಗಿದ್ದರೆ ಇಷ್ಟು ಬೇಗ ತಲುಪುವ ಮಾತೇ ಇರಲಿಲ್ಲ. ಯುರೋಪಿನಿಂದ ಟೆಹರಾನಿನವರೆಗಿನ ಹೊಸ ತಂತಿಮಾರ್ಗ ತೆರೆದದ್ದು 1870ರಲ್ಲಿ.

ಈ ತಂತಿಗೆ ಎಪ್ಪತ್ತು ವರ್ಷಗಳ ಹಿನ್ನೆಲೆ ಇತ್ತು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಪಿಯಾತ್ಸಿ ಎಂಬ ಪಾದ್ರಿ ಮೊದಲ ಕ್ಷುದ್ರಗ್ರಹ ಸೀರಿಸನ್ನು ಕಂಡರು. ಕೆಲವು ವಾರ ಬೆನ್ನುಹತ್ತಿ ಅಳೆದರು. ಫೆಬ್ರವರಿಯಲ್ಲಿ ಅವರ ಆರೋಗ್ಯ ಕೆಟ್ಟಿತು, ಪತ್ರಗಳು ಉಳಿದವರ ಕೈಸೇರುವ ಹೊತ್ತಿಗೆ ಸೀರಿಸ್ ಸೂರ್ಯನ ಪ್ರಭೆಯಲ್ಲಿ ಮುಳುಗಿಹೋಗಿತ್ತು. ಕಂಡದ್ದು ಕೈತಪ್ಪಿತು. ಇಪ್ಪತ್ತನಾಲ್ಕರ ಹರೆಯದ ಗಣಿತಜ್ಞ ಗೌಸ್ ಪಿಯಾತ್ಸಿಯ ಅಳತೆಗಳಿಂದಲೇ ಕಕ್ಷೆ ಲೆಕ್ಕಹಾಕಿ ಇಂಥಲ್ಲಿ ನೋಡಿ ಎಂದು ಹೇಳಿದ ಮೇಲೆ, ಅದೇ ವರ್ಷದ ಕೊನೆಗೆ ಫಾನ್ ತ್ಸಾಖ್ ಮತ್ತು ಓಲ್ಬರ್ಸ್ ಅದನ್ನು ಮತ್ತೆ ಹಿಡಿದರು. ಈ ಓಲ್ಬರ್ಸ್ ಬ್ರೆಮೆನ್ ಪಟ್ಟಣದ ವೈದ್ಯರು. ಹಗಲು ರೋಗಿಗಳು, ರಾತ್ರಿ ಮನೆಯ ಮೇಲಿನ ಕೋಣೆಯಲ್ಲಿ ದೂರದರ್ಶಕ. ಪಲ್ಲಾಸ್ ಮತ್ತು ವೆಸ್ಟಾ ಅವರವೇ ಶೋಧಗಳು. ಐದನೆಯ ಕ್ಷುದ್ರಗ್ರಹ ಆಸ್ಟ್ರೇಯಾವನ್ನು 1845ರಲ್ಲಿ ಕಂಡವರು ಹೆಂಕೆ, ಅಂಚೆ ಇಲಾಖೆಯ ಒಬ್ಬ ನೌಕರ. ಹದಿನೈದು ವರ್ಷ ಬರಿಗೈಯಲ್ಲಿ ಹುಡುಕಿದ ಮೇಲೆ ಸಿಕ್ಕಿದ ಫಲ ಅದು. ಬೀಲಾ ಕೂಡ ಅಷ್ಟೆ. 1826ರಲ್ಲಿ ಆ ಧೂಮಕೇತುವನ್ನು ಕಂಡ ವಿಲ್ಹೆಲ್ಮ್ ಫಾನ್ ಬೀಲಾ ಆಸ್ಟ್ರಿಯಾ ಸೇನೆಯ ಅಧಿಕಾರಿ. ಸಂಬಳಕ್ಕೆ ಆಕಾಶ ನೋಡುವವರೂ ಪ್ರೀತಿಗೆ ನೋಡುವವರೂ ಈ ಕೆಲಸದಲ್ಲಿ ಮೊದಲಿನಿಂದಲೂ ಹೆಗಲಿಗೆ ಹೆಗಲು ಕೊಟ್ಟವರು. ಈ ಇತಿಹಾಸವನ್ನು ಬರಿಯ ವೀಕ್ಷಣಾಲಯಗಳ ಇತಿಹಾಸವಾಗಿ ಬರೆಯುವುದು ನನ್ನ ಮಟ್ಟಿಗೆ ಅನ್ಯಾಯ.

ಬೀಲಾ ಧೂಮಕೇತು ಸುಮಾರು ಆರೂಮುಕ್ಕಾಲು ವರ್ಷಕ್ಕೊಮ್ಮೆ ಬರುವಂಥದ್ದು. 1846ರ ಜನವರಿಯಲ್ಲಿ ಅದು ಎಲ್ಲರ ಕಣ್ಣೆದುರೇ ಎರಡಾಯಿತು. ಕೇಂಬ್ರಿಜ್‌ನ ಜೇಮ್ಸ್ ಚಾಲಿಸ್ ಜನವರಿ 15ರಂದು ಜೋಡಿ ಧೂಮಕೇತುವನ್ನು ಕಂಡರು, ತಮ್ಮ ಕಣ್ಣನ್ನು ತಾವೇ ನಂಬದೆ ಕೆಲವು ದಿನ ತಡೆದರು. ಅಷ್ಟರಲ್ಲಿ ಅಮೆರಿಕದವರೂ ಅದನ್ನು ಕಂಡಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ನೆಪ್ಚೂನ್ ಗ್ರಹವನ್ನೂ ಚಾಲಿಸ್ ಗುರುತು ಮಾಡಿಕೊಂಡರು, ತಾಳೆ ನೋಡಲಿಲ್ಲ, ಆ ಶೋಧದ ಕೀರ್ತಿ ಬರ್ಲಿನ್ನಿಗೆ ಹೋಯಿತು. 1852ರಲ್ಲಿ ಎರಡೂ ಹೋಳುಗಳು ಮತ್ತೆ ಬಂದವು, ನಡುವಿನ ಅಂತರ ಬಹಳ ಹೆಚ್ಚಿತ್ತು. ಅದೇ ಕೊನೆ. 1859ರಲ್ಲಿ ಕಾಣುವ ಸ್ಥಿತಿಯಲ್ಲಿರಲಿಲ್ಲ. 1866ರ ಸುಮಾರಿಗೆ ಎಲ್ಲ ಅನುಕೂಲವಿದ್ದೂ ಹುಡುಕಿದವರಿಗೆ ಸಿಗಲಿಲ್ಲ. 1872ರಲ್ಲಿ ಬಂದದ್ದು ಉಲ್ಕೆಗಳು.

ಮದ್ರಾಸಿನಲ್ಲಿ ತಂತಿ ಪಡೆದವರು ನಾರ್ಮನ್ ರಾಬರ್ಟ್ ಪಾಗ್ಸನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1829ರಲ್ಲಿ ಹುಟ್ಟಿ 1861ರಲ್ಲಿ ಸರಕಾರಿ ಖಗೋಳಜ್ಞರಾಗಿ ಮದ್ರಾಸಿಗೆ ಬಂದವರು. ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇಂದಿಗೂ ಜಗತ್ತೆಲ್ಲ ಬಳಸುವ ಮಾಪನ, ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ 2.512 ಪಟ್ಟು ವ್ಯತ್ಯಾಸ ಎಂಬುದು, ಅವರು 1856ರಲ್ಲಿ ಸೂಚಿಸಿದ್ದು. ಮದ್ರಾಸಿಗೆ ಬಂದ ವರ್ಷವೇ, ಏಪ್ರಿಲ್ 17ರಂದು, ಒಂದು ಕ್ಷುದ್ರಗ್ರಹ ಕಂಡರು. ಏಷ್ಯಾ ಖಂಡದಿಂದ ಕಂಡ ಮೊದಲನೆಯದಾದ್ದರಿಂದ ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು, ಕ್ರಮಸಂಖ್ಯೆ 67. ಅನಂತರ 1864ರಲ್ಲಿ ಸಾಫೊ, 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕ್ಯಾಮಿಲ್ಲಾ. ಸಿಲ್ವಿಯಾ ಮತ್ತು ಕ್ಯಾಮಿಲ್ಲಾ ಎರಡಕ್ಕೂ ತಲಾ ಎರಡು ಪುಟ್ಟ ಚಂದ್ರರಿರುವುದು ಈ ಶತಮಾನದಲ್ಲಿ ಗೊತ್ತಾಗಿದೆ. ಎರಡು ಚಂದ್ರರುಳ್ಳ ಕ್ಷುದ್ರಗ್ರಹವೆಂದು ಮೊದಲು ಗುರುತಾದದ್ದು ಸಿಲ್ವಿಯಾ, 2005ರಲ್ಲಿ.

ಆ ದಿನಗಳಲ್ಲಿ ಛಾಯಾಚಿತ್ರದ ಸಹಾಯವಿರಲಿಲ್ಲ. ರಾಶಿಚಕ್ರದ ಪಟ್ಟಿಯ ಒಂದೊಂದು ತುಣುಕಿನ ನಕ್ಷತ್ರಗಳನ್ನೆಲ್ಲ ಕಾಗದದ ಮೇಲೆ ಗುರುತಿಸಿಟ್ಟುಕೊಂಡು, ರಾತ್ರಿ ರಾತ್ರಿ ದೂರದರ್ಶಕಕ್ಕೆ ಕಣ್ಣಿಟ್ಟು, ನಕ್ಷೆಯಲ್ಲಿಲ್ಲದ ಚುಕ್ಕಿಯೊಂದು ಬಂದಿದೆಯೇ ಎಂದು ಹುಡುಕಬೇಕು. ಸಿಕ್ಕರೆ ಅದು ಸರಿಯುತ್ತದೆಯೇ ಎಂದು ಕಾಯಬೇಕು. ಹತ್ತಿರದ ನಕ್ಷತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಗಡಿಯಾರದ ಟಿಕ್ ಟಿಕ್ ಕೇಳುತ್ತ, ಎರಡರ ನಡುವಿನ ಅಂತರವನ್ನು ಸೆಕೆಂಡಿನ ಭಾಗಗಳಲ್ಲಿ ಬರೆದುಕೊಳ್ಳಬೇಕು. ಆ ಅಂಕಿಗಳು ಹಡಗಿನ ಟಪಾಲಿನಲ್ಲಿ ಯುರೋಪಿಗೆ ಹೋಗಿ, ಅಲ್ಲಿನವರು ಅದೇ ಚುಕ್ಕಿಯನ್ನು ತಾವೂ ಕಂಡು, ಲೆಕ್ಕ ಕೂಡಿಸಿದ ಮೇಲೆಯೇ ಅದಕ್ಕೊಂದು ಹೆಸರು, ಸಂಖ್ಯೆ.

ಈ ಕೆಲಸದಲ್ಲಿ ಪಾಗ್ಸನ್ ಒಬ್ಬರೇ ಇರಲಿಲ್ಲ. ಅವರ ಮೊದಲ ಸಹಾಯಕ ಚಿಂತಾಮಣಿ ರಘುನಾಥಾಚಾರಿ ಪಂಚಾಂಗದ ಲೆಕ್ಕವನ್ನೂ ಹೊಸ ಉಪಕರಣಗಳನ್ನೂ ಸಮನಾಗಿ ಬಲ್ಲವರು. ಆರ್ ರೆಟಿಕ್ಯುಲಿ ಎಂಬ, ಬೆಳಕು ಏರಿಳಿಯುವ ನಕ್ಷತ್ರವನ್ನು 1867ರಲ್ಲಿ ಕಂಡುಹಿಡಿದವರು. ಮರುವರ್ಷ, 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಉತ್ತರ ಕರ್ನಾಟಕದ ಮೇಲೆಯೇ ಹಾದುಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹೂಡಿ ನಿಂತಿದ್ದರು, ವನಪರ್ತಿಯಲ್ಲಿ ರಘುನಾಥಾಚಾರಿ, ಮಚಲೀಪಟ್ಟಣದಲ್ಲಿ ಪಾಗ್ಸನ್. ಕ್ಯಾಮಿಲ್ಲಾ ಸಿಕ್ಕಿದ್ದು ಮೂರು ತಿಂಗಳ ನಂತರ, ನವೆಂಬರಿನಲ್ಲಿ.

ಈಗ 1872ರ ಡಿಸೆಂಬರಿಗೆ ಬರೋಣ. ಮದ್ರಾಸಿಗೆ ಅದು ಹಿಂಗಾರಿನ ಕಾಲ. ತಂತಿ ಬಂದ ಮೇಲಿನ ಎರಡು ನಸುಕು ಪಾಗ್ಸನ್ ನಾಲ್ಕು ಗಂಟೆಯಿಂದ ಹೊತ್ತು ಮೂಡುವ ತನಕ ಕಾದರು; ಮೋಡ, ಮಳೆ. ಮೂರನೆಯ ಬೆಳಗು, ಡಿಸೆಂಬರ್ 3ರಂದು, ಐದೂವರೆಯ ಸುಮಾರಿಗೆ ಮೋಡದ ನಡುವೆ ಸ್ವಲ್ಪ ಹೊತ್ತು ನೀಲಿ ತೆರೆಯಿತು. ಅಲ್ಲಿ ದುಂಡನೆಯ, ನಡುವೆ ಹೊಳಪಿರುವ, ಬಾಲವಿಲ್ಲದ ಒಂದು ಮಸುಕು ಬೆಳಕು. ಅದರ ಅಡ್ಡಳತೆ ಆಕಾಶದಲ್ಲಿ ಡಿಗ್ರಿಯ ಅರವತ್ತನೆಯ ಭಾಗವಾದ ಒಂದು ಕಲೆಗಿಂತ ಕಡಿಮೆ, ಅಂದರೆ ಚಂದ್ರಬಿಂಬದ ನಲವತ್ತರಲ್ಲಿ ಒಂದು ಪಾಲು. ಹೆಸರಿಲ್ಲದ ಒಂದು ನಕ್ಷತ್ರಕ್ಕೆ ಹೋಲಿಸಿ ನಾಲ್ಕೇ ಅಳತೆ ಮಾಡಲು ಸಾಧ್ಯವಾಯಿತು. ಆ ನಾಲ್ಕು ನಿಮಿಷಗಳಲ್ಲೇ ಅದು ಸರಿದದ್ದು ಸ್ಪಷ್ಟವಾಯಿತು, ಧೂಮಕೇತುವೇ ಸರಿ. ಮರುದಿನ ನಸುಕಿನಲ್ಲಿ ಮತ್ತೆ ಕಂಡಿತು. ಈ ಸಲ ಏಳು ಅಳತೆ, ಮಸುಕಾದರೂ ಗುರುತಿಸಬಹುದಾದ ಒಂದು ಬಾಲ ಕೂಡ. ಅದರ ಮಾರನೆಯ ದಿನದಿಂದ ಮತ್ತೆ ಮೋಡ ಕವಿಯಿತು. ಆಕಾಶ ತಿಳಿಯಾಗುವಷ್ಟರಲ್ಲಿ ಧೂಮಕೇತು ಎಲ್ಲಿಗೋ ಹೋಗಿತ್ತು. ಜಗತ್ತಿನಲ್ಲಿ ಬೇರೆ ಯಾರೂ ಅದನ್ನು ನೋಡಲಿಲ್ಲ.

ಎರಡು ಬೆಳಗಿನ ಅಳತೆ ಏಕೆ ಸಾಲದು? ಹೊಲದಲ್ಲಿ ಎರಡು ಗೂಟ ನೆಟ್ಟರೆ ನೇರ ಗೆರೆ ಎಳೆಯಬಹುದು, ಬಾಗಿದ ಬದುವನ್ನು ಗುರುತಿಸಬೇಕಾದರೆ ಮೂರನೆಯ ಗೂಟ ಬೇಕೇಬೇಕು. ಕಕ್ಷೆಯೊಂದನ್ನು ನಿಗದಿ ಮಾಡಲು ಆರು ಸಂಖ್ಯೆಗಳು ಬೇಕು. ಒಂದೊಂದು ವೀಕ್ಷಣೆ ಕೊಡುವುದು ಎರಡೇ ಸಂಖ್ಯೆ. ಮೂರು ವೀಕ್ಷಣೆ ಸಿಕ್ಕರೆ ಗೌಸ್ ತೋರಿಸಿದ ದಾರಿಯಲ್ಲಿ ಲೆಕ್ಕ ಮುಂದುವರಿಯುತ್ತದೆ. ಎರಡಕ್ಕೆ ನಿಂತರೆ ಅಸಂಖ್ಯ ಕಕ್ಷೆಗಳು ಆ ಎರಡು ಬಿಂದುಗಳ ಮೇಲೆ ಹಾದುಹೋಗುತ್ತವೆ.

ಹಾಗಾಗಿ ವಾದ ಎದ್ದಿತು. ಪಾಗ್ಸನ್ ಕಂಡದ್ದು ಬೀಲಾದ ಹೋಳೇ ಎಂದು ಮೊದಲು ಹಲವರು ಒಪ್ಪಿದರು. ತಂತಿಯಲ್ಲಿ ಹೇಳಿದ ಕಡೆ ನೋಡಿದಾಗ ಧೂಮಕೇತು ಸಿಕ್ಕಿರುವಾಗ ಬೇರೆ ಏನೆನ್ನುವುದು? ಲೆಕ್ಕ ಮಾಡಿದವರು ಒಪ್ಪಲಿಲ್ಲ. ಬೀಲಾದ ಹಳೆಯ ಕಕ್ಷೆಯ ಪ್ರಕಾರ ಅದರ ಯಾವ ಹೋಳೂ ಆ ದಿನ ಆ ಜಾಗದಲ್ಲಿ ಇರಲು ಸಾಧ್ಯವಿರಲಿಲ್ಲ, ಉಲ್ಕೆಗಳನ್ನು ಉದುರಿಸಿದ ಕಣಗಳ ಹಿಂಡಿಗೂ ಪಾಗ್ಸನ್ ಕಂಡ ಕಾಯಕ್ಕೂ ಹೊಂದಿಕೆಯಾಗಲಿಲ್ಲ. ಈಗಿನವರ ಒಮ್ಮತವೂ ಅದೇ: ಅದು ಬೀಲಾ ಅಲ್ಲ, ಆಕಸ್ಮಿಕವಾಗಿ ಅಲ್ಲೇ ಹಾದುಹೋಗುತ್ತಿದ್ದ ಇನ್ನೊಂದು ಧೂಮಕೇತು. ಧೂಮಕೇತುಗಳ ಅಧಿಕೃತ ಪಟ್ಟಿಯಲ್ಲಿ ಅದು ಎಕ್ಸ್/1872 ಎಕ್ಸ್1 ಎಂದಿದೆ. ಮುಂದಿರುವ ಎಕ್ಸ್ ಅಕ್ಷರ ಇದಕ್ಕೆ ಭರವಸೆಯ ಕಕ್ಷೆ ಇಲ್ಲ ಎಂಬುದರ ಗುರುತು. ತಪ್ಪು ಊಹೆಯೊಂದು ಖಂಡ ದಾಟಿ ಬಂದು ಇನ್ನೊಂದು ನಿಜವಾದ ಶೋಧಕ್ಕೆ ದಾರಿ ಮಾಡಿತು. ಮೂರನೆಯ ಅಳತೆಗೆ ಬೇಕಿದ್ದ ಇನ್ನೊಂದು ವೀಕ್ಷಣಾಲಯ ಆ ಅಕ್ಷಾಂಶದಲ್ಲಿ ಆ ವಾರ ಕಣ್ಣು ತೆರೆದಿರಲಿಲ್ಲ. ಪಾಗ್ಸನ್‌ರ ಹೆಸರು ಕಾಂತಿಮಾನದ ಜೊತೆ ಉಳಿದಿದೆ, ಸರಿ. ಆದರೆ ಖಗೋಳ ವೀಕ್ಷಣೆ ಎಂದರೇನು ಎಂದು ಕೇಳುವ ಹುಡುಗರಿಗೆ ನಾನು ಹೇಳುವ ಕಥೆ ಆ ಎರಡು ನಸುಕುಗಳದು.

ಎರಡು ವರ್ಷದ ನಂತರ, 1874ರ ಡಿಸೆಂಬರಿನಲ್ಲಿ, ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವ ಅಪರೂಪದ ಘಟನೆಯಿತ್ತು. ಅದಕ್ಕೆ ಮುನ್ನ ರಘುನಾಥಾಚಾರಿ ಸಾಮಾನ್ಯ ಓದುಗರಿಗಾಗಿ ಒಂದು ಪುಸ್ತಿಕೆ ಬರೆದು ಇಂಗ್ಲಿಷಿನ ಜೊತೆ ದೇಶಭಾಷೆಗಳಲ್ಲೂ ತಂದರು. ಅವುಗಳಲ್ಲಿ ಕನ್ನಡವೂ ಇತ್ತು. ನೂರೈವತ್ತು ವರ್ಷಗಳ ಹಿಂದೆ, ವೀಕ್ಷಣಾಲಯದ ಒಳಗಿನ ಮನುಷ್ಯ ಹೊರಗಿನ ಕನ್ನಡಿಗನಿಗೆ ಏನನ್ನು, ಹೇಗೆ ನೋಡಬೇಕೆಂದು ಕನ್ನಡದಲ್ಲೇ ತಿಳಿಸಿದ್ದು ಸಣ್ಣ ಮಾತಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಕೆಲಸ ಮಾಡಿದ ಖಗೋಳ ವಿಜ್ಞಾನಿ, ಲೇಖಕಿ ಬಿ. ಎಸ್. ಶೈಲಜಾ ಅವರು ರಘುನಾಥಾಚಾರಿಯವರ ಕುರಿತು ಪುಸ್ತಕವನ್ನೇ ಬರೆದು ಆ ಹೆಸರನ್ನು ಮರೆವಿನಿಂದ ಎತ್ತಿ ತಂದಿದ್ದಾರೆ. ಇದಕ್ಕೆ ಕನ್ನಡಿಗರು ಅವರಿಗೆ ಋಣಿಗಳು.

ಇಲ್ಲಿಂದ ಕಥೆ ಬೇರೆ ಕಡೆ ತಿರುಗಿತು, ತಿರುಗಿಸಿದ್ದು ಬರ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಮೈಸೂರು ಸೀಮೆಯನ್ನೂ ಹಿಂಡಿಹಾಕಿತು. ಮಳೆ ಏಕೆ ತಪ್ಪುತ್ತದೆ, ಮೊದಲೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಸರಕಾರವನ್ನು ಕಾಡಿತು. ಸೂರ್ಯನ ಕಲೆಗಳಿಗೂ ಮುಂಗಾರಿಗೂ ಸಂಬಂಧವಿರಬಹುದೆಂಬ ವಿಚಾರ ಆಗ ಬಲವಾಗಿತ್ತು. ಸೂರ್ಯನನ್ನು ದಿನವೂ ನೋಡಲು ಬೆಟ್ಟದ ಮೇಲೊಂದು ವೀಕ್ಷಣಾಲಯ ಬೇಕೆಂದು ಯೋಜನೆಗಳು ನಡೆದವು, ಪಾಗ್ಸನ್ ಕೂಡ ಅದನ್ನು ಬೆಂಬಲಿಸಿದರು. ಅವರು 1885ರ ಫೆಬ್ರವರಿ 6ರಂದು ಮದ್ರಾಸಿನಿಂದ ತಮ್ಮ ಐದನೆಯ ಕ್ಷುದ್ರಗ್ರಹ ವೆರಾವನ್ನು ಕಂಡರು. 1891ರಲ್ಲಿ ತೀರಿಕೊಂಡರು. ವೀಕ್ಷಣಾಲಯದ ಮುಖ್ಯ ಕೆಲಸ ಶತಮಾನದ ಕೊನೆಗೆ ಕೊಡೈಕೆನಾಲಿಗೆ ಹೋಯಿತು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅಲ್ಲಿನ ಖಗೋಳಜ್ಞ ಎವರ್‌ಶೆಡ್ ಅದರ ಛಾಯಾಚಿತ್ರ ತೆಗೆದದ್ದುಂಟು, ಆದರೆ ಆ ವೀಕ್ಷಣಾಲಯದ ಕಣ್ಣು ಸೂರ್ಯನ ಮೇಲೆ. ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹ ಮತ್ತೆ ಸಿಗಲು ನೂರ ಮೂರು ವರ್ಷ ಬೇಕಾಯಿತು. ನಮ್ಮ ಸೀಮೆಯ ಹೊಲ ಒಣಗಿದ್ದಕ್ಕೂ ಮದ್ರಾಸಿನಲ್ಲಿ ಕ್ಷುದ್ರಗ್ರಹಗಳ ಬೇಟೆ ನಿಂತದ್ದಕ್ಕೂ ಹೀಗೊಂದು ನಂಟಿದೆ.

ಮತ್ತೆ ಹೊಸ ಎಳೆ ಹುಟ್ಟಿದ್ದು ಹೈದರಾಬಾದಿನಲ್ಲಿ, ಅದೂ ಒಬ್ಬ ಹವ್ಯಾಸಿಯಿಂದ. ನವಾಬ್ ಜಫರ್ ಜಂಗ್ 1901ರ ಸುಮಾರಿಗೆ ಸ್ವಂತ ಹಣದಿಂದ ಹದಿನೈದು ಅಂಗುಲದ ದೂರದರ್ಶಕ ತರಿಸಿ ಖಾಸಗಿ ವೀಕ್ಷಣಾಲಯ ಕಟ್ಟಿದರು. ಅವರ ನಂತರ ರಾಯಚೂರು, ಕಲಬುರಗಿ, ಬೀದರನ್ನೂ ಆಳುತ್ತಿದ್ದ ನಿಜಾಮ ಸರಕಾರ ಅದನ್ನು ವಹಿಸಿಕೊಂಡಿತು, ಅದು ನಿಜಾಮಿಯಾ ವೀಕ್ಷಣಾಲಯವಾಯಿತು. ಅಲ್ಲಿ ಸಹಾಯಕರಾಗಿದ್ದವರೊಬ್ಬರ ಮಗ ವೈನು ಬಾಪು. ಕಾಲೇಜು ಹುಡುಗನಾಗಿದ್ದಾಗಲೇ, ಬೆಳಕು ಏರಿಳಿಯುವ ನಕ್ಷತ್ರಗಳನ್ನು ತಾನೇ ನೋಡಿ ಬರೆದ ಟಿಪ್ಪಣಿಗಳನ್ನು ಪ್ರಕಟಿಸಿದ್ದ. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್‌ಗೆ ಹೋದ. 1949ರ ಜುಲೈ 2ರ ರಾತ್ರಿ ತೆಗೆದ ಫಲಕದಲ್ಲಿ ಅಪರಿಚಿತ ಮಸುಕೊಂದನ್ನು ಕಂಡು ಪ್ರಾಧ್ಯಾಪಕ ಬಾರ್ಟ್ ಬೋಕ್ ಮತ್ತು ಜೊತೆಗಾರ ಗಾರ್ಡನ್ ನ್ಯೂಕರ್ಕ್ ಅವರಿಗೆ ತೋರಿಸಿದ. ಮೂವರೂ ಸೇರಿ ಖಚಿತಪಡಿಸಿಕೊಂಡರು, ಧೂಮಕೇತುವಿಗೆ ಮೂವರ ಹೆಸರೂ ಬಂತು: ಬಾಪು-ಬೋಕ್-ನ್ಯೂಕರ್ಕ್.

ಭಾರತಕ್ಕೆ ಮರಳಿದ ಬಾಪು 1960ರಲ್ಲಿ ಕೊಡೈಕೆನಾಲಿನ ಹೊಣೆ ಹೊತ್ತರು. ಸೂರ್ಯನ ಜೊತೆಗೆ ರಾತ್ರಿಯ ಆಕಾಶವನ್ನೂ ಮರಳಿ ಪಡೆಯಬೇಕೆಂಬುದು ಅವರ ಹಟ. ಜಾವಾದಿ ಬೆಟ್ಟಗಳ ಕಾವಲೂರಿನಲ್ಲಿ ಜಾಗ ಆರಿಸಿದರು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಯಿತು, ಮುಂದೆ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಅಂದಿನಿಂದ ಕಾವಲೂರಿನ ರಾತ್ರಿಗಳ ಲೆಕ್ಕ ನಡೆಯುವುದು ಬೆಂಗಳೂರಿನಲ್ಲಿ.

1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡಲಿತ್ತು. ಕಾವಲೂರಿನ ಒಂದು ಮೀಟರ್ ದೂರದರ್ಶಕದಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಕಾದು ಕುಳಿತರು. ಗ್ರಹ ಮರೆಮಾಡುವ ಮೊದಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಮೇಲೆದ್ದಿತು. ಅಡ್ಡ ಬಂದದ್ದು ಏನು? ತಮಗೆ ಕಂಡ ಒಂದು ಕುಸಿತದಿಂದ ಅವರು ಯುರೇನಸ್ಸಿಗೆ ಹೊಸ ಉಪಗ್ರಹವಿರಬಹುದೆಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತ ನೋಡುತ್ತಿದ್ದ ಜೇಮ್ಸ್ ಎಲಿಯಟ್ ತಂಡಕ್ಕೆ ಗ್ರಹದ ಎರಡೂ ಬದಿಗೆ ಇಂಥ ಹಲವು ಕುಸಿತಗಳು ಸಿಕ್ಕಿದ್ದವು. ಎಲ್ಲ ಜಾಗಗಳ ಸಮಯಗಳನ್ನು ಪಕ್ಕಪಕ್ಕ ಇಟ್ಟಾಗ ಅರ್ಥವಾಯಿತು, ಅವು ಯುರೇನಸ್ಸಿನ ಉಂಗುರಗಳು. ಕಾವಲೂರಿನ ಅಳತೆ ತಪ್ಪಾಗಿರಲಿಲ್ಲ. ಒಂಟಿಯಾಗಿತ್ತು ಅಷ್ಟೆ, ಉಳಿದವರ ಅಳತೆಗಳ ಜೊತೆ ಸೇರಿದಾಗ ಅದು ಉಂಗುರಕ್ಕೆ ಸಾಕ್ಷಿಯಾಯಿತು. 1872ರಲ್ಲಿ ಸಿಗದೆ ಹೋದ ಜೊತೆ 1977ರಲ್ಲಿ ಸಿಕ್ಕಿತ್ತು.

ಬಾಪು 1982ರಲ್ಲಿ ತೀರಿಕೊಂಡರು. ಅವರು ಕನಸು ಕಂಡಿದ್ದ 2.34 ಮೀಟರ್ ದೂರದರ್ಶಕ 1986ರ ಜನವರಿಯಲ್ಲಿ ಅವರದೇ ಹೆಸರಿನಲ್ಲಿ ಉದ್ಘಾಟನೆಯಾಯಿತು. ಹ್ಯಾಲಿ ಆಗ ಸೂರ್ಯನ ಹತ್ತಿರ ಬರುತ್ತಿತ್ತು. ಅದೇ ಆವರಣದ 48 ಸೆಂಟಿಮೀಟರ್ ಶ್ಮಿಟ್ ದೂರದರ್ಶಕದಿಂದ ಆರ್. ರಾಜಮೋಹನ್ ಮತ್ತು ಸಂಗಡಿಗರು ಕ್ಷುದ್ರಗ್ರಹ-ಧೂಮಕೇತುಗಳ ಶೋಧ ಆರಂಭಿಸಿದರು. ಯೋಜನೆಗೆ ಕಲ್ಕಿ ಎಂದು ಹೆಸರಿಟ್ಟರು. 1988ರ ಫೆಬ್ರವರಿ 17ರಂದು ಒಂದು ಹೊಸ ಚುಕ್ಕಿ ಸಿಕ್ಕಿತು.

ಸಿಕ್ಕ ಮೇಲೆ ನಡೆದದ್ದು ಪಾಗ್ಸನ್ ಕಾಲದ ಕೆಲಸವೇ, ವಿಳಾಸ ಮಾತ್ರ ಹೊಸತು. ಅಳತೆಗಳು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರಿಗೆ ಹೋದವು. ಜಗತ್ತಿನ ಯಾವ ಮೂಲೆಯಲ್ಲಿ ಯಾರು, ವಿಜ್ಞಾನಿಯಾಗಲಿ ಹವ್ಯಾಸಿಯಾಗಲಿ, ಇಂಥದ್ದನ್ನು ಅಳೆದರೂ ಅದು ಸೇರುವುದು ಈ ಒಂದು ಕಣಜಕ್ಕೆ. ಕಾವಲೂರಿನ ಚುಕ್ಕಿಗೆ ಸಿಕ್ಕ ತಾತ್ಕಾಲಿಕ ಹೆಸರು 1988 ಡಿಕ್ಯೂ1. ವರ್ಷದ ಮುಂದಿನ ಡಿ ಎಂದರೆ ಫೆಬ್ರವರಿಯ ಎರಡನೆಯ ಪಕ್ಷ. ಕ್ಯೂ1 ಎಂದರೆ ಆ ಅರ್ಧ ತಿಂಗಳಲ್ಲಿ ದಾಖಲಾದ ನಲವತ್ತೊಂದನೆಯದು. ಮುಂದೆ ಹಲವರ ವೀಕ್ಷಣೆಗಳು ಕೂಡಿ ಕಕ್ಷೆ ಗಟ್ಟಿಯಾದ ಮೇಲೆ ಶಾಶ್ವತ ಸಂಖ್ಯೆ 4130 ಬಂತು. ಗಣಿತಜ್ಞ ರಾಮಾನುಜನ್ ಅವರ ಜನ್ಮಶತಾಬ್ದಿ ಆಗಷ್ಟೇ ಮುಗಿದಿತ್ತು, ಹೆಸರು ಅವರದಾಯಿತು. ಯುರೇನಸ್ಸಿನ ರಾತ್ರಿ ಕಾದು ಕುಳಿತಿದ್ದ ಭಟ್ಟಾಚಾರ್ಯರ ಹೆಸರನ್ನು ಹೊತ್ತ 8348 ಕೂಡ ರಾಜಮೋಹನ್ ಅವರ ಶೋಧ. ಬಾಪು ಅವರ ಹೆಸರಿನ 2596ನ್ನು ಕಂಡದ್ದು ಚಿಲಿಯಲ್ಲಿ.

ಸಂಸ್ಥೆಗಳ ಈ ಕೆಲಸದ ಪಕ್ಕದಲ್ಲೇ ಕರ್ನಾಟಕದ ಹವ್ಯಾಸಿಗಳೂ ಬೆಳೆದರು. ಬೆಂಗಳೂರಿನಲ್ಲಿ 1976ರಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಹುಟ್ಟಿತು, 1989ರಲ್ಲಿ ತಾರಾಲಯ ಬಾಗಿಲು ತೆರೆಯಿತು. ಮೈಸೂರಿನಲ್ಲಿ ಜಿ. ಟಿ. ನಾರಾಯಣ ರಾವ್ ಬರೆದೂ ತೋರಿಸಿಯೂ ಒಂದು ತಲೆಮಾರಿಗೆ ಕನ್ನಡದಲ್ಲೇ ನಕ್ಷತ್ರಗಳ ಪರಿಚಯ ಮಾಡಿಸಿದರು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಎ. ಪಿ. ಭಟ್ ಕಟ್ಟಿದ ಹವ್ಯಾಸಿ ಖಗೋಳ ಸಂಘ ಊರವರನ್ನು ಗ್ರಹಣಕ್ಕೂ ಧೂಮಕೇತುವಿಗೂ ಅಂಗಳಕ್ಕೆ ಕರೆತಂದಿತು. ಇವರಲ್ಲಿ ಹೆಚ್ಚಿನವರು ಹೊಸ ಕಾಯಗಳನ್ನು ಕಂಡುಹಿಡಿದವರಲ್ಲ. ಆದರೆ ಬಂದದ್ದನ್ನು ಗುರುತಿಸುವ ಕಣ್ಣುಗಳನ್ನು ತಯಾರು ಮಾಡಿದವರು; ಕಣ್ಣುಗಳಿಲ್ಲದೆ ದೂರದರ್ಶಕ ಏನು ಮಾಡೀತು?

1997ರ ಯುಗಾದಿಯ ಆಸುಪಾಸು ನಮ್ಮ ಊರುಗಳಲ್ಲಿ ಸಂಜೆ ವಾಯವ್ಯದಲ್ಲಿ ಬರಿಗಣ್ಣಿಗೆ ಕಂಡ ಬಾಲಚುಕ್ಕಿ ಹೇಲ್-ಬಾಪ್ ಇಬ್ಬರ ಶೋಧ. 1995ರ ಜುಲೈ 23ರ ರಾತ್ರಿ ಅಲನ್ ಹೇಲ್ ಎಂಬ ವೃತ್ತಿನಿರತ ಖಗೋಳಜ್ಞ ಅದನ್ನು ಕಂಡು ಇಮೇಲ್ ಕಳಿಸಿದರು. ಅದೇ ರಾತ್ರಿ ಥಾಮಸ್ ಬಾಪ್ ಗೆಳೆಯನ ದೂರದರ್ಶಕದಲ್ಲಿ ಕಂಡರು. ಸ್ವಂತ ದೂರದರ್ಶಕ ಅವರಿಗೆ ಇರಲಿಲ್ಲ. ಮನೆಗೆ ಮರಳಿ ಅವರು ಕಳಿಸಿದ್ದು ತಂತಿ. ಇಮೇಲಿಗೂ ತಂತಿಗೂ ಒಂದೇ ಬೆಲೆ ಸಿಕ್ಕಿತು, ಧೂಮಕೇತುವಿಗೆ ಇಬ್ಬರ ಹೆಸರೂ ಉಳಿಯಿತು.

ಈಗ ಕ್ಷುದ್ರಗ್ರಹಗಳನ್ನು ಹೆಚ್ಚಾಗಿ ಹುಡುಕುವುದು ಯಂತ್ರಗಳು. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರಬಿಟ್ಟಾಗ ಸುಮಾರು ಹತ್ತು ಗಂಟೆಯ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಪಾಗ್ಸನ್ ಮದ್ರಾಸಿನಲ್ಲಿ ಮೂವತ್ತು ವರ್ಷ ದುಡಿದು ಕಂಡದ್ದು ಐದು. ಹಾಗೆಂದು ಮನುಷ್ಯರ ಪಾಲು ಮುಗಿಯಲಿಲ್ಲ. 2019ರ ಆಗಸ್ಟ್ 30ರ ನಸುಕಿನಲ್ಲಿ ಕ್ರಿಮಿಯಾದ ಗೆನ್ನಡಿ ಬೊರಿಸೊವ್ ಎಂಬ ಹವ್ಯಾಸಿ ತಾವೇ ಕಟ್ಟಿದ 0.65 ಮೀಟರ್ ದೂರದರ್ಶಕದಲ್ಲಿ, ದೊಡ್ಡ ಯಂತ್ರಗಳು ಸಾಮಾನ್ಯವಾಗಿ ನೋಡದ ಸೂರ್ಯನ ಹತ್ತಿರದ ಆಕಾಶದಲ್ಲಿ, ಒಂದು ಧೂಮಕೇತು ಕಂಡರು. ಅಳತೆಗಳನ್ನು ಕಳಿಸಿದರು. ಬೇರೆ ಬೇರೆ ದೇಶಗಳ ವೀಕ್ಷಕರು ಬೆನ್ನುಹತ್ತಿದರು, ಎರಡು ವಾರದೊಳಗೆ ಕಕ್ಷೆ ಸ್ಪಷ್ಟವಾಯಿತು: ಅದು ಸೂರ್ಯನ ಸುತ್ತ ಸುತ್ತುವಂಥದ್ದಲ್ಲ, ಇನ್ನಾವುದೋ ನಕ್ಷತ್ರದ ಕಡೆಯಿಂದ ಬಂದು ಮರಳಿ ಹೊರಗೆ ಹೋಗುವಂಥದ್ದು. ಅಂತರತಾರಾ ಅತಿಥಿಯೆಂದು ಗುರುತಾದ ಎರಡನೆಯದು, ಧೂಮಕೇತುಗಳಲ್ಲಿ ಮೊದಲನೆಯದು. ಆ ವರ್ಷದ ಕೊನೆಗೆ ಭಾರತದ ವಿಜ್ಞಾನಿಗಳು ಅದರ ಬೆಳಕನ್ನು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಿಂದ ಹಿಡಿದು ಬಿಡಿಸಿ ನೋಡಿದರು. ನಮ್ಮ ಧೂಮಕೇತುಗಳಲ್ಲಿ ಕಾಣುವ ಸಯನೋಜನ್, ಇಂಗಾಲದ ಜೋಡಿ ಅಣುಗಳ ಗುರುತುಗಳೇ ಅಲ್ಲೂ ಇದ್ದವು. ಹಾನ್ಲೆಯ ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಕೇಂದ್ರ ಇರುವುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ.